ದುಡಿದವರಿಗೆ ಕುದುರೆ

ರೊಕ್ಕ ತಂದವರನ್ನು ಟಾಂಗಾ ಕಾಕಾ ಕುದುರೆಯ ಮೇಲೆ ಹತ್ತಿಸುತ್ತಿರಲಿಲ್ಲ. ರಬಕವಿಯ ಸೀರೆ ವ್ಯಾಪಾರಿಯೊಬ್ಬರ ಮಗ, ನನ್ನ ವಾರಿಗೆಯವನು, ಒಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಷ್ಟಿಯಲ್ಲಿ ರೊಕ್ಕ ಹಿಡಿದುಕೊಂಡು ಬಂದು ನಿಂತ. ಒಂದು ಸುತ್ತು ಸವಾರಿ ಮಾಡಿಸಬೇಕಂತೆ. ಇವರು ಅವನ ಮುಷ್ಟಿ ನೋಡಿದರು, ಅಂಗಿ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಅವನನ್ನು ಟಾಂಗಾದ ಹಿಂದಿನ ಸೀಟಿನಲ್ಲಿ ಕೂಡಿಸಿ, ಬಜಾರದಲ್ಲಿ ಒಂದು ಸುತ್ತು ಹೊಡೆಸಿ, ಅವನ ಮನೆಯ ಮುಂದೆಯೇ ಇಳಿಸಿ, ಬಾಡಿಗೆ ಇಸಗೊಂಡು ತಿರುಗಿ ಬಂದರು. ಹುಡುಗ ಮಾರಿ ಊದಿಸಿಕೊಂಡು ಒಳಗೆ ಹೋದನಂತೆ. ನಾವು ನಾಲ್ಕಾರು ಮಕ್ಕಳು ಕೈತುಂಬ ಹುಲ್ಲು ಹಿಡಿದುಕೊಂಡು ನಿಂತಿದ್ದೆವು. ನಮ್ಮ ಕಡೆ ತಿರುಗಿ ಅವರು ಅಂದದ್ದು ಇಷ್ಟೇ.

"ರೊಕ್ಕ ಕೊಟ್ಟಾವರಿಗೆ ಟಾಂಗಾ. ದುಡದಾವರಿಗೆ ಕುದುರಿ."

ಅವರು ತೀರಿಕೊಂಡ ಸುದ್ದಿಯನ್ನು ಕಳೆದ ತಿಂಗಳು ನನ್ನ ತಮ್ಮ ತಂದ. ಏನೋ ಕೆಲಸಕ್ಕೆ ಮುಧೋಳಕ್ಕೆ ಬಂದವನು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಊರಿನ ಹತ್ತು ಸುದ್ದಿಗಳ ನಡುವೆ ಇದನ್ನೂ ಹೇಳಿದ. ಅವನಿಗೆ ಅದು ಹತ್ತರಲ್ಲಿ ಒಂದು. ನಾನು ಬಸಿ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಅವರ ಹೆಸರು ಬರೆದರೆ ಊರಿನ ಅರ್ಧ ಮಂದಿಗೆ ಗುರುತು ಹತ್ತಲಿಕ್ಕಿಲ್ಲ. ಟಾಂಗಾ ಕಾಕಾ ಅಂದರೆ ಸಾಕಾಗುತ್ತಿತ್ತು. ನನಗೆ ಬರೀ ಕಾಕಾ.

ಗಿಡ್ಡ ಆಳು. ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿದ್ದವು. ನಡೆಯುವಾಗ ನೆಲದ ಮೇಲೆ ನಂಬಿಗೆ ಇಲ್ಲದವರಂತೆ ಕಾಣುತ್ತಿದ್ದರು. ಟಾಂಗಾದ ಮೇಲೆ ಕುಂತರೆ ಮಾತ್ರ ಬೇರೆ ಮನುಷ್ಯ. ಬೆನ್ನು ನೆಟ್ಟಗೆ, ರುಮಾಲು ನೆಟ್ಟಗೆ, ಎರಡು ಬೆರಳ ಸಂದಿಯಲ್ಲಿ ಲಗಾಮು. ಚಾಟಿ ಇತ್ತು, ಅದನ್ನು ಟಾಂಗಾದ ಬದಿಗೆ ಸಿಗಿಸಿಯೇ ಇಡುತ್ತಿದ್ದರು. ಯಾರಾದರೂ ಕೇಳಿದರೆ ಅದು ನಾಯಿಗಳಿಗೆ ಅನ್ನುತ್ತಿದ್ದರು. ನಾಯಿಗಳಿಗೂ ಹೊಡೆದದ್ದು ನಾನು ಕಂಡಿಲ್ಲ.

ಹುಡುಗನಾಗಿದ್ದಾಗ ಅವರು ಜಮಖಂಡಿ ಸಂಸ್ಥಾನದ ಪಾಗಾ ಸೇರಿದ್ದರು. ಪಾಗಾ ಅಂದರೆ ಅರಮನೆಯ ಕುದುರೆ ಲಾಯ. ಕುದುರೆ ಹುಚ್ಚಿನಿಂದ ತಾನೇ ಹೋಗಿ ಬಾಗಿಲಲ್ಲಿ ನಿಂತರಂತೆ. ಅಲ್ಲಿಯ ಹಿರಿಯ ಕೈಯಲ್ಲಿ ಕಸಬರಿಗೆ ಕೊಟ್ಟನಂತೆ. ಲದ್ದಿ ಬಳಿಯುವ ಹುಡುಗರಿಗೆ ಹೊಟ್ಟೆಗೆ ಜೋಳ ಸಿಗುತ್ತಿತ್ತು. ಆದರೆ ಅವರು ನಿಜವಾದ ಪಗಾರ ಅಂತ ಕರೆಯುತ್ತಿದ್ದದ್ದು ಬೇರೆ. ದಿನಾ ಬೆಳಿಗ್ಗೆ ಕುದುರೆಗಳನ್ನು ಕೆರೆಗೆ ನೀರಿಗೆ ಒಯ್ಯುವಾಗ, ಕೆಲಸ ನೆಟ್ಟಗೆ ಮಾಡಿದ ಹುಡುಗನಿಗೆ ಮಾತ್ರ ಜೀನು ಇಲ್ಲದ ಬೆನ್ನಿನ ಮೇಲೆ ಹತ್ತಿ ಹೋಗಲು ಅಪ್ಪಣೆ. ಅದಕ್ಕೆ ನೀರಿನ ಸವಾರಿ ಅನ್ನುತ್ತಿದ್ದರಂತೆ. ಹೀಗೆ ಕಲಿತು ಕಲಿತು ಕಡೆಗೆ ಹೊಸ ಕುದುರೆಗಳನ್ನು ಪಳಗಿಸುವ ಸವಾರರಾದರು. ಸಂಸ್ಥಾನ ವಿಲೀನವಾಗಿ ಪಾಗಾ ಖಾಲಿ ಆದ ಮೇಲೆ ಅಲ್ಲಿ ಇಲ್ಲಿ ದುಡಿದು, ಬಿಳಿ ಬಣ್ಣದ ಒಂದು ಹೆಣ್ಣುಮರಿ ಕೊಂಡು, ಅದಕ್ಕೆ ಮೋತಿ ಅಂತ ಹೆಸರಿಟ್ಟು, ಬೆಳೆಸಿಕೊಂಡು ರಬಕವಿಗೆ ಬಂದರು. ಇಲ್ಲಿ ಮಗ್ಗಗಳಿದ್ದವು. ನೇಕಾರರ ಮನೆಯಿಂದ ವ್ಯಾಪಾರಿಗಳ ಅಂಗಡಿಗೆ, ಅಂಗಡಿಯಿಂದ ಬನಹಟ್ಟಿಗೆ ಸೀರೆ ಗಂಟು ಸಾಗಿಸಲು ಟಾಂಗಾ ಬೇಕಿತ್ತು. ಮದುವೆ ದಿನಗಳಲ್ಲಿ ಟಾಂಗಾ ಬಿಚ್ಚಿಟ್ಟು, ಮೋತಿಯನ್ನು ಸಿಂಗರಿಸಿ, ಮದುಮಕ್ಕಳ ಮೆರವಣಿಗೆಗೆ ಒಯ್ಯುತ್ತಿದ್ದರು.

ನಮ್ಮ ಮನೆಯಲ್ಲಿ ಕುಣಿಮಗ್ಗವಿತ್ತು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಂತರೆ ಊಟಕ್ಕಷ್ಟೇ ಏಳುವುದು. ನಾನು ಸಾಲಿಗೆ ಹೋಗುವ ಮುಂಚೆ, ಬಂದ ಮೇಲೆ ರಾಟಿಯ ಮುಂದೆ ಕುಂತು ಕಂಡಿಕೆಗೆ ನೂಲು ಸುತ್ತಬೇಕು. ವಾರಕ್ಕೊಮ್ಮೆ ಸೀರೆ ಒಯ್ಯಲು ಟಾಂಗಾ ನಮ್ಮ ಬಾಗಿಲಿಗೆ ಬರುತ್ತಿತ್ತು. ಮೋತಿ ಒಮ್ಮೆ ನಮ್ಮ ಕಿಟಕಿಯೊಳಗೆ ಮುಖ ಹಾಕಿ ನನ್ನ ಕೈಯ ಮೇಲೆ ಬಿಸಿ ಉಸಿರು ಬಿಟ್ಟಳು. ರಾಟಿ ನಿಂತಿತು. ಅವತ್ತಿನಿಂದ ನಾನು ಮನೆಯವರಿಗೆ ಅರ್ಧ, ಕುದುರೆಗೆ ಅರ್ಧ.

ಮರುದಿನ ಹುಲ್ಲು ಹಿರಿದುಕೊಂಡು ಕಾಕಾನ ಮನೆಯ ಮುಂದೆ ಹೋಗಿ ನಿಂತೆ. ಅಲ್ಲಿ ಮೊದಲೇ ಇದ್ದ ಗಂಡುಹುಡುಗರು ನಕ್ಕರು. ಒಬ್ಬ, ಇಕೀ ಯಾಕ ಬಂದಾಳ್ರಿ ಕಾಕಾ, ಹುಡುಗ್ಯಾರು ಕುದುರಿ ಏರತಾರೇನು ಅಂದ. ಕಾಕಾ ನನ್ನ ಹುಲ್ಲನ್ನು ಮೂಸಿ ನೋಡಿದರು. ಅವನ ಹುಲ್ಲನ್ನೂ ಮೂಸಿದರು.

"ಮೋತಿ ಏನ ಗಂಡಸೇನಲೇ? ನಿನ್ನ ಹುಲ್ಲಾಗ ಮಣ್ಣ ಐತಿ. ಇಕಿದು ಸ್ವಚ್ಛ ಐತಿ. ಮೋತಿಗೆ ಇಷ್ಟ ಗೊತ್ತಾಗತೈತಿ."

ಪಾಗಾದ ಪದ್ಧತಿಯನ್ನೇ ಅವರು ನಮಗೂ ಹಾಕಿದ್ದರು. ಎಷ್ಟೋ ದಿನ ಬರೀ ನೆಲದ ಕೆಲಸ. ಹುಲ್ಲು ತರುವುದು, ಹುರಳಿ ನೆನೆಹಾಕುವುದು, ಮೈ ಉಜ್ಜುವುದು, ಗೊರಸಿನ ಸಂದಿಯ ಕಲ್ಲು ಕೀಳುವುದು. ಗೊರಸು ಎತ್ತು ಅಂದರೆ ಅವಳು ತಾನಾಗಿ ಎತ್ತುವಷ್ಟು ಸಲುಗೆ ಬಂದ ಮೇಲೆ ನದಿಗೆ ಮೈತೊಳೆಸಲು ಜೊತೆಗೆ ಹೋಗಬಹುದು. ನೆಟ್ಟಗೆ ತೊಳೆದವರಿಗೆ ತಿರುಗಿ ಬರುವಾಗ ಹಸಿ ಬೆನ್ನಿನ ಮೇಲೆ ಕುಂತು ಬರುವ ಹಕ್ಕು. ಆಮೇಲೆ ನಿಜವಾದ ಪಾಠ. ಅದನ್ನು ಗಳಿಸಲು ಹುಡುಗರು ತಮ್ಮ ತಮ್ಮ ದಾರಿ ಹುಡುಕಿಕೊಂಡಿದ್ದರು. ಒಬ್ಬ ಲದ್ದಿಯನ್ನು ಬುಟ್ಟಿಯಲ್ಲಿ ಹೊತ್ತು ನದೀದಂಡೆಯ ಬದನೆಕಾಯಿ ತೋಟದವರಿಗೆ ಮಾರಿ, ಬಂದ ರೊಕ್ಕಕ್ಕೆ ಹುರಳಿ ತರುತ್ತಿದ್ದ. ಇನ್ನೊಬ್ಬ ಸಂತೆಯ ದಿನ ಟಾಂಗಾಕ್ಕೆ ಗಿರಾಕಿ ಕೂಗಿ ಕರೆಯುತ್ತಿದ್ದ. ಅವನ ಗಂಟಲು ಅದಕ್ಕೇ ಹುಟ್ಟಿದಂತಿತ್ತು. ನನಗೆ ಇದಾವುದೂ ಬಗೆಹರಿಯಲಿಲ್ಲ. ಬಜಾರದಲ್ಲಿ ಕೂಗಿದರೆ ಮನೆಯಲ್ಲಿ ಕಾಲು ಮುರಿಯುತ್ತಿದ್ದರು.

ನನ್ನ ದಾರಿ ಮಗ್ಗದ ಕೆಳಗೇ ಇತ್ತು. ನೇಯುವಾಗ ಉಳಿಯುವ ತುಂಡು ನೂಲು, ಕೆಂಪು, ಹಸಿರು, ಅರಿಷಿಣ, ಅಪ್ಪ ಅದನ್ನು ಮೂಲೆಗೆ ತಳ್ಳುತ್ತಿದ್ದ. ನಾನು ಆರಿಸಿ, ಬಣ್ಣ ಬೇರ್ಪಡಿಸಿ, ಮೋತಿಯ ಹಣೆಗೆ ಒಂದು ಗೊಂಡೆ ಕಟ್ಟಿದೆ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ಮದುವೆಗೆ ಮೋತಿ ಅದನ್ನೇ ತೊಟ್ಟು ಹೋದಳು. ಮದುವೆ ಮನೆಯವರು ಕೇಳಿದಾಗ ಜಮಖಂಡಿ ಪಾಗಾದ ಮಾಲು ಅಂತ ಹೇಳಿಬಂದರಂತೆ. ಅಲ್ಲಿಂದ ಹಣೆಗೆ, ಕುತ್ತಿಗೆಗೆ, ಬಾಲಕ್ಕೆ, ಜೀನಿನ ಅಂಚಿಗೆ ಎಲ್ಲ ನನ್ನವೇ ಗೊಂಡೆ. ಒಂದು ಗೊಂಡೆಗೆ ಒಂದು ಪಾಠ.

ಪಾಠವೆಂದರೆ ಊರ ಹೊರಗಿನ ಬಯಲಲ್ಲಿ. ಜೀನು ಇಲ್ಲ. ಉದ್ದ ಹಗ್ಗದ ತುದಿ ಅವರ ಕೈಯಲ್ಲಿ, ಅವರು ನಡುವೆ, ನಾವು ಸುತ್ತ. ನಾನು ಲಂಗ ಕಚ್ಚೆ ಹಾಕಿ ಕುಂತುಕೊಳ್ಳುತ್ತಿದ್ದೆ. ಮೊದಮೊದಲು ಹೆದರಿ ಆಯಾಲು ಹಿಡಿದುಕೊಂಡರೆ ಬೈಯುತ್ತಿದ್ದರು, ಅದು ಅಕೀ ಕೂದಲಾ, ನಿಮ್ಮ ಮನೀ ಬಾಗಲದ ಚಿಲಕ ಅಲ್ಲ ಅಂತ. ಕೆಳಗೆ ನೋಡಿದರೆ ಇನ್ನೂ ಬೈಗುಳ. ನೆಲ ಎಲ್ಲಿಗೂ ಹೋಗಂಗಿಲ್ಲಬೇ, ಬಿದ್ದಾಗ ಸಿಗತೈತಿ, ನೀ ಮುಂದ ನೋಡು. ಬಿದ್ದೆ ಕೂಡ. ಬಿದ್ದಾಗ ಅವರು ಮೊದಲು ಮೋತಿಯ ಹತ್ತಿರ ಹೋಗಿ ಕುತ್ತಿಗೆ ತಟ್ಟಿ, ಆಮೇಲೆ ನನ್ನ ಕಡೆ ಬರುತ್ತಿದ್ದರು. ನೀನು ಮನೀಗೆ ಹೋಗಿ ಅವ್ವನ ಮುಂದ ಅಳತೀ, ಅಕೀ ಯಾರ ಮುಂದ ಅಳಬೇಕು ಅನ್ನುತ್ತಿದ್ದರು. ನಾನು ಮನೆಯಲ್ಲಿ ಅಳಲಿಲ್ಲ. ಅತ್ತಿದ್ದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ನಡಿಗೆ ಬಂತು. ಆಮೇಲೆ ಮೈಯೆಲ್ಲ ಕುಲುಕಾಡುವ ಸಣ್ಣ ಓಟ ಬಂತು. ಹಗ್ಗದ ಉದ್ದಕ್ಕಿಂತ ಹೆಚ್ಚು ಹೋಗುವಂತಿರಲಿಲ್ಲ. ನನಗೆ ಬೇಕಾದದ್ದು ದೌಡು. ಪಾಗಾದ ಕಥೆ ಹೇಳುವಾಗಲೆಲ್ಲ ಅವರು ಆ ಶಬ್ದಕ್ಕೆ ಬಂದು ನಿಲ್ಲುತ್ತಿದ್ದರು. ಅಂವಾ ದೌಡು ಬಿಟ್ಟ ನೋಡು, ಅನ್ನುವರು, ಅಷ್ಟಕ್ಕೇ ಬೀಡಿ ಹಚ್ಚುವರು. ಮುಂದಿನದು ಹೇಳುತ್ತಿರಲಿಲ್ಲ. ದೌಡು ಅಂದರೆ ಹಗ್ಗ ಬಿಚ್ಚಿ, ಕುದುರೆಯನ್ನು ಅದರ ಪೂರ್ತಿ ಓಟಕ್ಕೆ ಬಿಡುವುದು. ನಾನು ಅದನ್ನು ಕನಸಿನಲ್ಲಿ ಕಂಡು ಹಾಸಿಗೆಯಲ್ಲಿ ಒದ್ದು ತಮ್ಮನ ಕೈಯಲ್ಲಿ ಹೊಡೆಸಿಕೊಂಡಿದ್ದೇನೆ.

ಅದಕ್ಕೆ ಗಡುವೂ ಇತ್ತು. ಆ ವರ್ಷ ನಾನು ಏಳನೆಯ ಇಯತ್ತೆ. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದೆವು, ಸಂಕ್ರಾಂತಿಯಂದೇ ಹೇಳಿಬಿಟ್ಟಿದ್ದಳು. ಪರೀಕ್ಷೆ ಮುಗಿದರೆ ಕುದುರೆಯೂ ಬಂದ್, ಸಾಲಿಯೂ ಬಂದ್. ಹುಡುಗಿ ಎತ್ತರ ಬೆಳೆಯುತ್ತಿದ್ದಾಳೆ, ಹಾಯಸ್ಕೂಲು ಬನಹಟ್ಟಿಯಲ್ಲಿದೆ, ಅಷ್ಟು ದೂರ ರಸ್ತೆಗುಂಟ ನಡೆದು ಹೋದರೆ ನೋಡಿದವರು ನಾಲ್ಕು ಮಾತಾಡುತ್ತಾರೆ. ಆಯಿ ಕೆಟ್ಟವಳಲ್ಲ. ಹರೆಯದಲ್ಲೇ ಗಂಡ ಸತ್ತು, ಮಂದಿಯ ಬಾಯಿಗೆ ಹೆದರಿ ಹೆದರಿಯೇ ಮನೆ ಉಳಿಸಿಕೊಂಡವಳು. ನಾನು ಇದನ್ನು ಕಾಕಾನ ಮುಂದೆ ಹೇಳಿದೆ. ಅವರು ಬೆರಳು ಮಡಚಿ ತಿಂಗಳು ಎಣಿಸಿ, ಯುಗಾದಿ ಆದ ಮ್ಯಾಲ ಹೊಳಿ ಇಳೀತೈತಿ, ಉಸುಕು ತೆರೀತೈತಿ, ಉಸುಕಿನ ಮ್ಯಾಲ ಬಿದ್ದರ ಎಲುಬ ಮುರಿಯೂದಿಲ್ಲ, ಅಲ್ಲಿ ನಿನಗ ದೌಡು ಬಿಡತೇನಿ ಅಂದರು. ಅದಕ್ಕೆ ಬೆಲೆಯಾಗಿ ಮದುವೆಯ ಪೂರ್ತಿ ಸಿಂಗಾರ, ತಲೆಯಿಂದ ಬಾಲದವರೆಗೆ ಹೊಸ ಗೊಂಡೆ. ಒಪ್ಪಿಕೊಂಡೆ. ಆ ಎರಡು ತಿಂಗಳು ನನ್ನ ಬೆರಳ ತುದಿ ಬಣ್ಣಬಣ್ಣವಾಗಿದ್ದವು. ಪರೀಕ್ಷೆಯ ಹಾಳೆಯ ಮೇಲೂ ಬಣ್ಣ ಹತ್ತಿತು.

ಆ ವರ್ಷದ ಮದುವೆಗಳಲ್ಲಿ ಮೋತಿಯ ಸೊಗಸೇ ಸೊಗಸು. ಮದುಮಕ್ಕಳು ಮಾತ್ರ ಯಾವಾಗಿನಂತೆ ಹೆದರುವವರೇ. ಮಗ್ಗದ ಕುಣಿಯಲ್ಲಿ ಕುಂತು ಬೆಳೆದ ಹುಡುಗರು, ಒಮ್ಮೆಲೇ ಬಾಸಿಂಗ ಕಟ್ಟಿ ಕುದುರೆಯ ಮೇಲೆ ಕೂಡಿಸಿದರೆ ಆಯಾಲಿಗೆ ಜೋತುಬೀಳದೆ ಏನು ಮಾಡಿಯಾರು. ಕಾಕಾ ಲಗಾಮು ಹಿಡಿದು ಮುಂದೆ ನಡೆಯುತ್ತ, ಯಾರಿಗೂ ಕೇಳದಂತೆ ಅವರಿಗೆ ಧೈರ್ಯ ಹೇಳುತ್ತಿದ್ದರು. ಹೆದರಬ್ಯಾಡ್ರಿ ಅಳಿಯಾರ, ಇಕೀ ಭಾಳ ಮದವಿ ಮಾಡ್ಯಾಳ, ನಿಮಗ ಮೊದಲನೇದು. ಮೋತಿಗೆ ಒಂದು ರೂಢಿ ಮಾಡಿಸಿದ್ದರು. ಬಾಜಾ ಬಾರಿಸಿದರೆ ನಿಲ್ಲಬೇಕು. ಬೀಗರ ಬಾಗಿಲು ಬಂದಾಗಲೇ ಬಾಜಾದವರು ಶುರು ಮಾಡುತ್ತಿದ್ದರು. ಹೆಣ್ಣುಮಕ್ಕಳು ಬಂದು ಆರತಿ ಎತ್ತಿ, ಗೊರಸಿನ ಮೇಲೆ ನೀರು ಸುರುವಿದ ಮೇಲೆಯೇ ಮುಂದಿನ ಹೆಜ್ಜೆ. ಪಟಾಕಿ ಹಾರಲಿ, ಹುಡುಗರು ಬಾಲ ಜಗ್ಗಲಿ, ನೀರು ಬೀಳುವ ತನಕ ಅವಳು ಅಲುಗುತ್ತಿರಲಿಲ್ಲ. ಜಮಖಂಡಿ, ತೇರದಾಳದ ಕಡೆಯಿಂದಲೂ ಇದೇ ಕುದುರೆ ಬೇಕು ಅಂತ ಬರುತ್ತಿದ್ದರು.

ಯುಗಾದಿಯಾಯಿತು. ಪರೀಕ್ಷೆ ಮುಗಿಯಿತು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ನೆವ ಹೇಳಿ ನಾನು ಹೊಳೆಗೆ ಹೋದೆ. ಕೃಷ್ಣೆ ಆಚೆ ದಂಡೆಗೆ ಸರಿದು, ಈಚೆ ಕಡೆ ಕಣ್ಣು ಮುಟ್ಟುವ ತನಕ ಉಸುಕು. ಕಾಕಾ ಮೋತಿಯನ್ನು ಹಿಡಿದುಕೊಂಡು ನಿಂತಿದ್ದರು. ಅವತ್ತು ಅವರು ಒಗೆದ ಧೋತರ ಉಟ್ಟಿದ್ದರು, ಅದು ನನಗೆ ಈಗಲೂ ನೆನಪಿದೆ. ನನ್ನನ್ನು ಹತ್ತಿಸಿದರು. ನನ್ನ ಮೊಣಕಾಲು ಒತ್ತಿ ನೋಡಿದರು, ಬೆನ್ನು ನೋಡಿದರು. ಮೋತಿಯ ಕಿವಿಯಲ್ಲಿ ಏನೋ ಅಂದರು. ಆಮೇಲೆ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡರು.

"ಹೋಗವ್ವಾ. ಇನ್ನ ನೀ, ಅಕೀ."

ನಡಿಗೆ. ಸಣ್ಣ ಓಟ. ನಾನು ಹಿಮ್ಮಡಿ ಒತ್ತಿದೆ. ಮೋತಿಯ ಕಿವಿ ಹಿಂದೆ ಬಾಗಿ, ಮೈ ಕೆಳಗೆ ಇಳಿದಂತಾಗಿ, ಏನೋ ಶುರುವಾಗುವುದಿತ್ತು. ಶುರುವಾಗುವುದಿತ್ತು ಅನ್ನುವುದನ್ನು ನನ್ನ ತೊಡೆಗಳು ಬಲ್ಲವು. ಅಷ್ಟರಲ್ಲಿ ಹೊಳೆಯ ಮೇಲೆ ಬಾಜಾ ಕೇಳಿಸಿತು. ಆಚೆ ಊರಿನ ಮದುವೆ ದಿಬ್ಬಣ ದೋಣಿಯಲ್ಲಿ ಈಚೆ ಬರುತ್ತಿತ್ತು.

ಮೋತಿ ನಿಂತಳು. ನಾನು ಅವಳ ಕುತ್ತಿಗೆಗೆ ಮುಖ ಬಡಿಸಿಕೊಂಡು, ಬೀಳದೆ ಉಳಿದೆ. ಅವಳು ಕುತ್ತಿಗೆ ಬಿಲ್ಲು ಮಾಡಿ, ಮುಂಗಾಲು ಜೋಡಿಸಿ, ಆ ಬಯಲು ಉಸುಕಿನಲ್ಲಿ, ಬಾಗಿಲಿಲ್ಲ ಮನೆಯಿಲ್ಲ, ಆರತಿಗೆ ಕಾಯುತ್ತ ನಿಂತಳು. ಒತ್ತಿದೆ, ಬೇಡಿದೆ, ಲಗಾಮು ಜಗ್ಗಿದೆ. ಅಲುಗಲಿಲ್ಲ. ಕಾಕಾ ಏದುಸಿರು ಬಿಡುತ್ತ ಬಂದರು. ಗದರಿದರು, ರಮಿಸಿದರು. ಕಡೆಗೆ ಹೊಳೆಗೆ ಇಳಿದು, ಬೊಗಸೆಯಲ್ಲಿ ನೀರು ತಂದು, ಅವಳ ಮುಖದ ಮುಂದೆ ಕೈ ಸುತ್ತಿಸಿ ಆರತಿ ಎತ್ತಿದಂತೆ ಮಾಡಿ, ನೀರನ್ನು ಗೊರಸಿನ ಮೇಲೆ ಬಿಟ್ಟರು. ಮೋತಿ ಹೊರಟಳು. ಮೆರವಣಿಗೆಯ ನಡಿಗೆಯಲ್ಲಿ, ಒಂದೊಂದೇ ಹೆಜ್ಜೆ ಅಳೆದು. ದೋಣಿಯಲ್ಲಿದ್ದವರು ನೋಡಿ ನಗಾಡಿದರು. ಮದುಮಗನಿಗಿಂತ ಮುಂಚೆ ಮದುಮಗಳೇ ಕುದುರೆ ಏರಿ ಬಂದಾಳ ಅಂತ ಯಾರೋ ಕೂಗಿದರು.

ಬಾಜಾ ದೂರ ಹೋದ ಮೇಲೆ ಮತ್ತೆ ಮಾಡಿ ನೋಡಿದೆವು. ಸಣ್ಣ ಓಟದ ತನಕ ಬರುತ್ತಾಳೆ, ಅಲ್ಲಿಂದ ತಾನೇ ಇಳಿದು ನಡಿಗೆಗೆ ಬರುತ್ತಾಳೆ. ತಪ್ಪು ಮಾಡಿದೆನೇನೋ ಅನ್ನುವಂತೆ ತಿರುಗಿ ಕಾಕಾನ ಕಡೆ ನೋಡುತ್ತಾಳೆ. ಬಿಸಿಲೇರಿತು. ಕಾಕಾ ಉಸುಕಿನ ಮೇಲೆ ಕುಂತುಬಿಟ್ಟರು. ನಾನು ಇಳಿದು ಅವರ ಬದಿಗೆ ಕುಂತೆ. ಅವರು ಮೋತಿಯ ಕಡೆ ಕೈ ಮಾಡಿ ಅಂದರು.

"ಮರಿ ಇದ್ದಾಗ ಓಡತಿದ್ದಳಬೇ ಇಕೀ. ಓಡಿದಾಗೆಲ್ಲಾ ತಡದೆ. ಮದವೀ ಕುದುರಿ ಓಡಿದರ ಯಾರ ಕರೀತಾರ? ಹೊಟ್ಟೀ ಸಲುವಾಗಿ ತಡದೆ. ಇನ್ನ ತಡಿಯೂದು ಬ್ಯಾಡ, ತಾನ ನಿಲ್ಲತಾಳ."

ದೋಣಿಯ ಮಂದಿಯಲ್ಲಿ ಯಾರೋ ನಮ್ಮ ಓಣಿಗೆ ಪರಿಚಯದವರಿದ್ದರು. ಸಂಜೆಗೆ ಸುದ್ದಿ ಆಯಿಗೆ ಮುಟ್ಟಿತು. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ರಾಟಿಯನ್ನು ಕಿಟಕಿಯ ಬದಿಯಿಂದ ಎತ್ತಿ ಒಳಕೋಣೆಗೆ ಇಟ್ಟಳು. ಕುದುರೆಯೂ ಸಾಲಿಯೂ ಮುಗಿದವು ಅಂತ ಅಷ್ಟರಿಂದಲೇ ನನಗೆ ತಿಳಿಯಿತು.

ಮರುದಿನ ಗಂಟು ಒಯ್ಯುವ ದಿನವಲ್ಲ, ಆದರೂ ಟಾಂಗಾ ಬಂದು ನಿಂತಿತು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು, ಮಗ್ಗದ ಕುಣಿಯ ಅಂಚಿಗೆ ಕುಂತರು. ನಾನು ಒಳಕೋಣೆಯ ಬಾಗಿಲ ಹಿಂದೆ. ಆಯಿಯೇ ಮಾತು ತೆಗೆದಳು. ಕುದುರೀಗೆ ಗೊಂಡೆ ಕಟ್ಟಿಸಿದಿ ಇರಲಿ, ಹುಡುಗೀಗೆ ಲಗ್ನ ಮಾಡವರು ನಾವು, ನೀ ಅಲ್ಲ, ಮೆರವಣಿಗಿ ಯಾಕ ಮಾಡಿಸಿದಿ ಅಂತ ಕೇಳಿದಳು. ಕಾಕಾ ತಪ್ಪಾತು ಅಂದರು. ಹುಡುಗಿ ಇನ್ನು ಕುದುರೆ ಮುಟ್ಟುವುದಿಲ್ಲ ಅಂದಳು. ಅದಕ್ಕೂ ಆಗಲಿ ಅಂದರು. ಬಾಗಿಲ ಹಿಂದೆ ನನ್ನ ಕಣ್ಣು ತುಂಬಿದವು. ಇಷ್ಟು ಸಸಾರ ಬಿಟ್ಟುಕೊಟ್ಟರಲ್ಲ ಅಂತ ಸಿಟ್ಟು ಬಂತು.

"ಕುದುರಿ ಬಿಡಸ್ರಿ ಆಯಿ, ನಾ ಏನೂ ಅನ್ನಂಗಿಲ್ಲ. ಸಾಲಿ ಬಿಡಸಬ್ಯಾಡ್ರಿ."

"ನಿನಗೇನ ಬಂದೈತೋ ಅದರಾಗ? ನಿನ್ನ ಕುದುರೀನ್ನ ಹ್ಯಾಂಗ ಬೇಕೋ ಹಂಗ ಬೆಳಸಿದಿ. ನಾ ಏನರ ಕೇಳೇನೇನು?"

"ಕೆಡಿಸಿ ಇಟ್ಟೇನಿ ಆಯಿ ಅದನ್ನ. ನಿನ್ನೆ ಗೊತ್ತಾತು. ಅದಕ್ಕ ಬಂದೇನಿ."

ಆಯಿಗೆ ಇದು ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ಅಪ್ಪನಿಗೆ ಆಗಿರಬಹುದು, ಅವನ ಕಾಲು ಮಗ್ಗದ ತುಳಿಕೋಲಿನ ಮೇಲೆ ಸುಮ್ಮನೆ ನಿಂತವು. ಮುಂದೆ ಕಾಕಾ ವ್ಯವಹಾರದ ಮಾತಿಗೆ ಇಳಿದರು. ನಡೆದು ಹೋಗುವುದೇ ಅಡ್ಡಿಯಾದರೆ ನಡೆಯುವುದು ಬೇಡ. ದಿನಾ ಗಂಟು ಹೊತ್ತು ಬನಹಟ್ಟಿಗೆ ಹೋಗುವ ಟಾಂಗಾ, ಗಂಟಿನ ಬದಿಗೆ ಹುಡುಗಿ ಕುಂಡರಲಿ. ಬೇಕಾದರೆ ಪಡದೆ ಕಟ್ಟುತ್ತೇನೆ. ಸಾಲಿಯ ಬಾಗಿಲಿಗೆ ಇಳಿಸುತ್ತೇನೆ, ಬಾಗಿಲಿನಿಂದಲೇ ಕರೆತರುತ್ತೇನೆ. ಆಯಿ ಬಾಡಿಗೆ ಯಾರು ಕೊಡುತ್ತಾರೆ ಅಂದಳು. ಗೊಂಡೆ ಕಟ್ಟಿಕೊಡತಾಳ, ಮೊದಲೂ ಅದನ್ನ ಕೊಡತಿದ್ದಳು ಅಂದರು ಕಾಕಾ. ಆಯಿ ಇನ್ನೂ ಏನೋ ಅನ್ನುವವಳಿದ್ದಳು. ಆಗ ಅಪ್ಪ, ವರ್ಷಕ್ಕೆ ನಾಲ್ಕು ಮಾತು ಆಡದ ನನ್ನ ಅಪ್ಪ, ಕುಣಿಯಿಂದಲೇ ಅಂದ.

"ಹೋಗಲಿ ಬಿಡವ್ವಾ. ಕುದುರಿ ಬಿಟ್ಟಾಳ. ಅದೂ ಇದೂ ಎರಡೂ ಬಿಡಸಾಕ ಆಗಂಗಿಲ್ಲ ನನಗ."

ಹೀಗೆ ನಾನು ಹಾಯಸ್ಕೂಲು ಕಲಿತೆ. ಸೀರೆ ಗಂಟುಗಳ ನಡುವೆ, ಪಡದೆಯ ಹಿಂದೆ, ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಅರ್ಧ ಕಟ್ಟಿದ ಗೊಂಡೆ. ಪಡದೆಯ ಸಂದಿಯಿಂದ ಮೋತಿಯ ಬೆನ್ನು ಕಾಣುತ್ತಿತ್ತು. ಕಾಕಾ ದಾರಿಯುದ್ದಕ್ಕೂ ಪಾಗಾದ ಕಥೆ ಹೇಳುತ್ತಿದ್ದರು, ನಾನು ಪಾಠ ಒಪ್ಪಿಸುತ್ತಿದ್ದೆ. ಪಾಣಿಪತ್ತಿನ ಕಾಳಗ ಓದಿ ಹೇಳಿದಾಗ, ಅಷ್ಟ ಕುದುರೀಗೆ ನೀರ ಎಲ್ಲಿಂದ ತಂದರಂತ ಬರದಾರೇನು ಅಂತ ಕೇಳಿದರು. ಬರೆದಿರಲಿಲ್ಲ. ಹಂಗಾರ ಬರದಾಂವ ಕುದುರಿ ಸಾಕಿಲ್ಲ ಅಂದು ನಕ್ಕರು. ಟಾಂಗಾದಿಂದ ಇಳಿಯುವಾಗ ನಾನು ಮೋತಿಯನ್ನು ಮುಟ್ಟುತ್ತಿರಲಿಲ್ಲ. ಆಯಿಗೆ ಮಾತು ಕೊಟ್ಟಿದ್ದವರು ಅವರು. ಅವರ ಮಾತನ್ನು ನಾನು ಮುರಿಯುವಂತಿರಲಿಲ್ಲ. ಅವಳು ಮಾತ್ರ ಯಾರಿಗೂ ಮಾತು ಕೊಟ್ಟಿರಲಿಲ್ಲ, ಒಮ್ಮೊಮ್ಮೆ ನನ್ನ ಹೆರಳು ಹಿಡಿದು ಜಗ್ಗುತ್ತಿದ್ದಳು.

ಎಸ್ಸೆಸ್ಸೆಲ್ಸಿ ಪಾಸಾದೆ. ಕಾಲೇಜಿಗೆ ಜಮಖಂಡಿಗೆ ಬಸ್ಸಿನಲ್ಲಿ ಓಡಾಡಿದೆ. ಆ ಹೊತ್ತಿಗೆ ಆಯಿಗೆ ಕಣ್ಣು ಮಂದಾಗಿದ್ದವು, ಮಂದಿಯ ಬಾಯಿಗೂ ನಮ್ಮ ಮನೆ ರೂಢಿಯಾಗಿತ್ತು. ನಮ್ಮ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲನೆಯ ಹೆಣ್ಣುಮಗಳು ನಾನು. ಗಂಡುಮಕ್ಕಳನ್ನು ಹಿಡಿದರೂ ಎರಡನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಪುಕ್ಕಟೆ ಬಂದದ್ದಲ್ಲ. ಮುಧೋಳದಲ್ಲಿ ಮಾಸ್ತರಿಕೆ ಸಿಕ್ಕಿತು, ಇಲ್ಲಿಯೇ ಸಂಸಾರವಾಯಿತು. ಮೋತಿ ಮುದಿಯಾಗಿ ಸತ್ತಳು. ಕಾಕಾ ಇನ್ನೊಂದು ಕುದುರೆ ಕಟ್ಟಿದರು. ಅದನ್ನು ಮದುವೆಗೆ ಒಯ್ಯಲೇ ಇಲ್ಲವಂತೆ, ಬೆಳಿಗ್ಗೆ ಬೆಳಿಗ್ಗೆ ಬಯಲಿಗೆ ಬಿಟ್ಟು ಬರುತ್ತಿದ್ದರಂತೆ. ಅಷ್ಟರಲ್ಲಿ ಆಟೋ ಬಂದವು, ಗಂಟು ಹೊರಲು ಟೆಂಪೋ ಬಂದವು. ಆ ಕುದುರೆಯೂ ಹೋಯಿತು.

ನಾನು ಅವರನ್ನು ಕಡೆಯ ಸಲ ಕಂಡದ್ದು ಹೋದ ಬೇಸಿಗೆಯ ಸೂಟಿಯಲ್ಲಿ. ಮನೆಯ ಮುಂದೆ ಹೊರಸಿನ ಮೇಲೆ ಕುಂತಿದ್ದರು. ಲಾಯ ಇದ್ದ ಜಾಗದಲ್ಲಿ ಮಗ ಪಾವರ್‌ಲೂಮ್ ಹಾಕಿದ್ದ. ಅದರ ಸಪ್ಪಳದಲ್ಲಿ ಜೋರಾಗಿ ಮಾತಾಡಬೇಕಿತ್ತು. ಮಾಸ್ತರಬಾಯಿ ಬಂದರು, ಕುಂಡರಾಕ ಕುರ್ಚಿ ತರ್ರಿ ಅಂತ ಒಳಗೆ ಕೂಗಿದರು. ನಾನು ಹೊರಸಿನ ಅಂಚಿಗೆ ಕುಂತೆ. ಅದು ಇದು ಮಾತಾಯಿತು. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಅವತ್ತು ಕೇಳಿದೆ.

"ಕಾಕಾ, ದೌಡು ಅಂದ್ರ ಹ್ಯಾಂಗಿರತೈತ್ರಿ?"

ಅವರ ಕೈ ಮೇಲೆ ಎದ್ದಿತು. ಏನೋ ತೋರಿಸಲು ಹೋಯಿತು. ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ತೊಡೆಯ ಮೇಲೆ ಇಳಿಯಿತು. ಹೇಳಾಕ ಬರೂದಿಲ್ಲವ್ವಾ ಅಂದರು. ನಾನು ಸುಮ್ಮನಾಗಲಿಲ್ಲ. ನನಗೆ ಗೊತ್ತಿರುವುದರಲ್ಲಿ ಅದಕ್ಕೆ ಹತ್ತಿರದ್ದು ಒಂದಿತ್ತು, ಅದನ್ನು ಹೇಳಿದೆ. ಬಿ.ಎ. ಪರೀಕ್ಷೆಯ ನಿಕಾಲು ನೋಡಿಕೊಂಡು ಜಮಖಂಡಿಯಿಂದ ಬಂದ ದಿನ ರಬಕವಿಯ ಸ್ಟ್ಯಾಂಡಿನಲ್ಲಿ ಬಸ್ಸು ಇಳಿದವಳು ನಡೆಯಲಿಲ್ಲ, ಓಡಿದೆ. ಸೀರೆ ಉಟ್ಟುಕೊಂಡು, ಬಜಾರದ ನಡುವೆ. ಚಪ್ಪಲಿ ಹರಿದವು, ಬಿಟ್ಟು ಓಡಿದೆ. ಏನಾತಬೇ ಅಂತ ಮಂದಿ ಕೂಗುತ್ತಿದ್ದರು. ಎರಡೂ ಬದಿ ಮಗ್ಗದ ಸಪ್ಪಳ, ಕಿವಿಯಲ್ಲಿ ಗಾಳಿ. ಮನೆ ಮುಟ್ಟುವುದೇ ಬೇಡ ಅನ್ನಿಸಿತು. ಇಷ್ಟು ಹೇಳಿ ಕೇಳಿದೆ, ಅದೂ ಹಿಂಗ ಇರತೈತೇನ್ರಿ ಕಾಕಾ ಅಂತ.

ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ್ದರು. ನಾನು ಓಡಿದ ದಾರಿಯನ್ನೂ, ಇನ್ನಾವುದೋ ದಾರಿಯನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದಾರೆ ಅನ್ನಿಸಿತು.

"ಇಲ್ಲವ್ವಾ. ಅದು ಬ್ಯಾರೆ. ನೀ ನಿನ್ನ ಕಾಲಿಲೆ ಓಡಿದಿ, ಛಲೋ ಓಡಿದಿ. ಅಲ್ಲಿ ಹಂಗಲ್ಲ. ಇನ್ನೊಂದು ಜೀವ ತಾನ ಮನಸ ಮಾಡತೈತಿ, ಇಕೀನ್ನ ಹೊತಗೊಂಡು ಓಡೂಣು ಅಂತ. ಅದು ಮನಸ ಮಾಡಿದ್ದು ನಿನಗ ಕೆಳಗಿಂದ ಗೊತ್ತಾಗತೈತಿ. ಅದು ಬ್ಯಾರೆ."

ನನಗೆ ಅವತ್ತು ಬೇಜಾರಾಯಿತು, ಖರೆ ಹೇಳುತ್ತೇನೆ. ಹೌದವ್ವಾ ಹಂಗ ಇರತೈತಿ ಅಂದಿದ್ದರೆ ಅವರದೇನು ಹೋಗುತ್ತಿತ್ತು. ಎದುರಿಗೆ ಕುಂತವಳು ತನ್ನ ಜೀವಮಾನದಲ್ಲಿ ಅತಿ ದೊಡ್ಡ ಓಟವನ್ನು ಅವರ ಮುಂದೆ ಇಟ್ಟಿದ್ದಳು. ಮುಧೋಳದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ.

ತಮ್ಮ ಸುದ್ದಿ ಹೇಳಿ ಹೋದ ಮೇಲೆ ಮತ್ತೆ ಅದನ್ನೇ ಯೋಚಿಸಿದೆ. ಈಗ ಅವರು ಸುಳ್ಳು ಹೇಳದ್ದು ನನಗೆ ಬೇಜಾರಲ್ಲ. ಹೌದು ಅಂದುಬಿಟ್ಟಿದ್ದರೆ ಆ ಬೇಸಿಗೆಗೇ ಅದು ಮುಗಿದುಹೋಗುತ್ತಿತ್ತು, ಸಿಕ್ಕ ಲೆಕ್ಕಕ್ಕೆ ಸೇರುತ್ತಿತ್ತು. ಬೇರೆ ಅಂದದ್ದಕ್ಕೆ, ಮಕ್ಕಳು ಮಲಗಿ ಮನೆ ಸಪ್ಪಳವಿಲ್ಲದಾದಾಗ, ನಲವತ್ತರ ಹತ್ತಿರ ಬಂದ ಈ ಹೆಂಗಸಿಗೆ ಆ ದೌಡು ಇನ್ನೂ ಬೇಕು ಅನ್ನಿಸುತ್ತದೆ.